ಸಂಗೀತ ತಂತ್ರಾಂಶದ ಟೈಮರ್ ದೋಷದ ಬಗ್ಗೆ ದೂರು

ಇಂದ: ಧ್ವನಿಮುದ್ರಣ ಕೊಠಡಿಯೊಂದರ ಮಾಲೀಕ, ಬಸವನಗುಡಿ, ಬೆಂಗಳೂರು
ಇವರಿಗೆ: ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ತಂತ್ರಾಂಶಕ್ಕೆ ವಾರ್ಷಿಕ ಚಂದಾ ಕಟ್ಟಿ ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಭರತನಾಟ್ಯದ ಅಭ್ಯಾಸಕ್ಕೆ ಬೇಕಾದ ಜತಿಗಳನ್ನು, ಅಂದರೆ ತಾಳಕ್ಕೆ ಹೊಂದಿಸಿದ ಸೊಲ್ಲುಗಳ (ತ, ಕ, ಧಿ, ಮಿಯಂಥ ಲಯದ ನುಡಿಗಳ) ಸಾಲುಗಳನ್ನು ಅದರಲ್ಲಿ ಜೋಡಿಸಿ, ಮಿಡಿ (MIDI, ವಾದ್ಯಯಂತ್ರಗಳಿಗೆ ಸ್ವರದ ಸಂದೇಶ ಕಳಿಸುವ ವ್ಯವಸ್ಥೆ) ಕೇಬಲ್ ಮೂಲಕ ಡ್ರಮ್ ಯಂತ್ರದಲ್ಲಿ ನುಡಿಸಿ ಮುದ್ರಿಸಿಕೊಡುವುದು ನನ್ನ ಕಸುಬು. ಕಳೆದ ತಿಂಗಳು ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದಂದಿನಿಂದ ನುಡಿಕೆ ತಾಳಕ್ಕೆ ನಿಲ್ಲುತ್ತಿಲ್ಲ. "ಕಾಲಪ್ರಮಾಣ ಸರಿಯಾಗಿದೆ, ಸೊಲ್ಲುಗಳು ಕುಂಟುತ್ತಿವೆ" ಎಂದು ಮೊದಲು ಗುರುತಿಸಿದವರು ಮೃದಂಗ ವಿದ್ವಾಂಸರೊಬ್ಬರು. ನನ್ನ ಕಿವಿಗೆ ಅದು ಎರಡು ದಿನ ತಡವಾಗಿ ಕೇಳಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಆದಿತಾಳದ ಒಂದು ಅಕ್ಷರಕ್ಕೆ, ಅಂದರೆ ತಾಳದ ಒಂದು ಎಣಿಕೆಗೆ, 800 ಮಿಲಿಸೆಕೆಂಡ್ ಇಟ್ಟು, ಅಕ್ಷರಕ್ಕೆ ಎಂಟು ಸೊಲ್ಲಿನಂತೆ ನುಡಿಸಿ ಅಳೆದಾಗ, ಸೊಲ್ಲಿನಿಂದ ಸೊಲ್ಲಿಗೆ 100 ಮಿಲಿಸೆಕೆಂಡ್ ಇರಬೇಕಾದಲ್ಲಿ ಒಮ್ಮೆ ಸುಮಾರು 94, ಇನ್ನೊಮ್ಮೆ ಸುಮಾರು 109 ಬಂದವೇ ಹೊರತು 100 ಎಲ್ಲಿಯೂ ಬರಲಿಲ್ಲ. ವಿಂಡೋಸ್‌ನ ಟೈಮರ್, ಯಾವ ಪ್ರೋಗ್ರಾಮೂ ಹೆಚ್ಚಿನ ಸೂಕ್ಷ್ಮತೆ ಕೇಳದಿದ್ದರೆ, 15.625 ಮಿಲಿಸೆಕೆಂಡಿಗೊಮ್ಮೆ ಎಚ್ಚರಗೊಳ್ಳುತ್ತದೆ. ಅದರ ಆರು ಪಟ್ಟು 93.75, ಏಳು ಪಟ್ಟು 109.375; ನಾನು ಅಳೆದದ್ದೂ ಇವನ್ನೇ. ಮಿಡಿ ಕೇಬಲನ್ನು ದೂರುವಂತಿಲ್ಲ, ಏಕೆಂದರೆ ಒಂದು ಸ್ವರದ ಸಂದೇಶ ಅದರಲ್ಲಿ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು.

ಅಂದರೆ ನಿಮ್ಮ ತಂತ್ರಾಂಶ 1 ಮಿಲಿಸೆಕೆಂಡಿನ ಸೂಕ್ಷ್ಮತೆಯನ್ನು ತಾನಾಗಿ ಕೇಳಿಕೊಳ್ಳುತ್ತಲೇ ಇಲ್ಲ. ವಿಂಡೋಸ್ 7 ಇದ್ದ ನನ್ನ ಹಳೆಯ ಕಂಪ್ಯೂಟರಿನಲ್ಲಿ ಬೇರೆ ಯಾವ ಪ್ರೋಗ್ರಾಂ ಕೇಳಿದರೂ ಅದು ಎಲ್ಲಕ್ಕೂ ದಕ್ಕುತ್ತಿತ್ತು. 2020ರಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದೀಚೆಗೆ ಕೇಳದ ಪ್ರೋಗ್ರಾಮಿಗೆ ಆ ಖಾತರಿಯಿಲ್ಲ. ಇಷ್ಟು ವರ್ಷ ನೀವು ನೆರೆಮನೆಯ ದೀಪದಲ್ಲಿ ಓದಿಕೊಂಡಿದ್ದಿರಿ ಎಂದೇ ನನಗನಿಸುತ್ತದೆ.

ನಿಮ್ಮ ಸಹಾಯವಾಣಿಯವರು ಎರಡು ಸಲವೂ ಕೊಟ್ಟ ಉತ್ತರ ಒಂದೇ: ಬಫರ್ (ಧ್ವನಿಯನ್ನು ಹೊರಡಿಸುವ ಮುನ್ನ ಕೂಡಿಟ್ಟುಕೊಳ್ಳುವ ಜಾಗ) ಕಡಿಮೆ ಮಾಡಿ. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಬಿಡಿ ಅಳತೆ) ದರದಲ್ಲಿ 256 ಸ್ಯಾಂಪಲ್ಲಿನ ಬಫರ್ ತರುವ ತಡ 5.3 ಮಿಲಿಸೆಕೆಂಡ್, ಸ್ಪೀಕರನ್ನು ಎರಡು ಮೀಟರಿಗಿಂತ ತುಸು ಕಡಿಮೆ ಹಿಂದಕ್ಕೆ ಸರಿಸಿದಷ್ಟು. ಒಂದೇ ಸಮನಾದ ತಡಕ್ಕೆ ವಾದಕರ ಕೈ ಒಗ್ಗಿಕೊಳ್ಳುತ್ತದೆ. ಸೊಲ್ಲಿನಿಂದ ಸೊಲ್ಲಿಗೆ ಬದಲಾಗುವ ತಡಕ್ಕೆ ಯಾರ ಕೈಯೂ ಒಗ್ಗದು.

ಆದ್ದರಿಂದ ಮಿಡಿ ನುಡಿಕೆಯ ಟೈಮರನ್ನು ಸರಿಪಡಿಸಿದ ಆವೃತ್ತಿಯನ್ನು ಯಾವಾಗ ಕೊಡುವಿರೆಂದು ಲಿಖಿತವಾಗಿ ತಿಳಿಸಬೇಕು, ಇಲ್ಲವೇ ಚಂದಾದಲ್ಲಿ ಉಳಿದಿರುವ ಏಳು ತಿಂಗಳ ಹಣವನ್ನು ಹಿಂದಿರುಗಿಸಬೇಕು. ಅಳತೆಯ ಧ್ವನಿಮುದ್ರಿಕೆಗಳನ್ನು ಲಗತ್ತಿಸಿದ್ದೇನೆ. ಉತ್ತರ ಬರೆಯುವವರು ದಯವಿಟ್ಟು ಮೊದಲು ಅವುಗಳನ್ನು ಕೇಳಬೇಕು.

ಇಂತಿ,
ನಿಮ್ಮ ಚಂದಾದಾರ