ಲೈಬ್ರರಿಯಲ್ಲೂ ಒಂದು ಪೀರಿಯಡ್ ಬೇಕು

ಮಾನ್ಯರೇ,

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಸಲ ಹಳೇಬೀಡಿನ ಬಗ್ಗೆ ಬಂದ ಮೂರು ಪ್ರಾಜೆಕ್ಟುಗಳಲ್ಲಿ ಒಂದೇ ಪ್ಯಾರಾ ಇತ್ತು, ಕಾಗುಣಿತದ ತಪ್ಪಿನ ಸಮೇತ. ಎಲ್ಲಿಂದ ತಗೊಂಡಿರಿ ಅಂದರೆ ‘ಗೂಗಲ್‌ನಿಂದ ಮೇಡಂ’ ಎಂದರು. ಸುಮ್ನೆ ಬೈದು ಏನು ಪ್ರಯೋಜನ? ನಾವು ಹೇಳಿಕೊಟ್ಟೇ ಇಲ್ಲ, ಅಲ್ವಾ?

ಅವರನ್ನು ಲೈಬ್ರರಿಗೆ ಕರೆದುಕೊಂಡು ಹೋದೆ. ಹಾಸನ ಜಿಲ್ಲೆಯ ಶಾಸನಗಳಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟದ ಮೇಲೆ ದೂಳು ಕೂತಿತ್ತು. ಒರೆಸಿ, ಬೇಲೂರು ತಾಲ್ಲೂಕಿನ ಭಾಗ ತೆರೆದು ಒಂದು ಶಾಸನ ಓದಿದೆವು. ಒಬ್ಬ ಹುಡುಗಿ, ನಾನು ಹೇಳದೆಯೇ, ಸಂಪುಟ, ಶಾಸನದ ಸಂಖ್ಯೆ, ಪುಟ ಮೂರನ್ನೂ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಳು. ಅಡಿಟಿಪ್ಪಣಿ ಅಂದರೆ ಇಷ್ಟೇ ಕಣಮ್ಮ ಎಂದೆ. ಅವಳ ಮುಖ ಅರಳಿತು.

ಕಾಲೇಜುಗಳಿಗೆ ಆನ್‌ಲೈನಿನಲ್ಲಿ ಜರ್ನಲ್, ಪುಸ್ತಕ ಒದಗಿಸುವ ಎನ್-ಲಿಸ್ಟ್‌ಗೆ ಸೇರಿದ ಕಾಲೇಜುಗಳ ವಿದ್ಯಾರ್ಥಿಗಳು ಸಾವಿರಾರು ಇ-ಜರ್ನಲ್ ಓದಬಹುದು. ನಮ್ಮಲ್ಲಿ ಅದರ ಪಾಸ್‌ವರ್ಡ್ ಕೇಳುವವರೇ ಕಮ್ಮಿ. ಮುಂದೆ ಪಿಎಚ್.ಡಿ.ಗೆ ಹೋದರೆ ಯುಜಿಸಿಯ 2018ರ ನಿಯಮ ಕಾದಿರುತ್ತದೆ. ಪ್ರಬಂಧದಲ್ಲಿ ಶೇ 60ಕ್ಕಿಂತ ಜಾಸ್ತಿ ನಕಲಿದ್ದರೆ ನೋಂದಣಿಯೇ ರದ್ದು.

ಮೊದಲ ಸೆಮಿಸ್ಟರ್‌ನಲ್ಲೇ ವಾರಕ್ಕೊಂದು ಪೀರಿಯಡ್ ಲೈಬ್ರರಿಗೆ ಕೊಡಿ. ಗ್ರಂಥಪಾಲಕರೇ ಪಾಠ ಮಾಡಲಿ.

— ಇತಿಹಾಸ ಅಧ್ಯಾಪಕಿ, ಹಾಸನ