ಮಕ್ಕಳ ತೂಕವನ್ನು ಕೂಗಿ ಹೇಳುವುದನ್ನು ನಿಲ್ಲಿಸಿ

ಶಿವಮೊಗ್ಗ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ,

ಶಿಕ್ಷಣ, ಆರೋಗ್ಯ ಎರಡೂ ಇಲಾಖೆಯವರು ನಿಮ್ಮ ಸಭೆಗೆ ಬರುತ್ತಾರೆ. ಅದಕ್ಕೇ ಈ ಪತ್ರ ನಿಮಗೆ. ಶಾಲೆಗಳಲ್ಲಿ ಮಕ್ಕಳ ತೂಕ ನೋಡುವ ರೀತಿ ಬದಲಾಗಬೇಕು.

ನಾನು ಹೊಸನಗರ ತಾಲ್ಲೂಕಿನವಳು, ಈಗ ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದೇನೆ. ನಮ್ಮ ಹೈಸ್ಕೂಲಿನಲ್ಲಿ ತೂಕದ ಯಂತ್ರವನ್ನು ಜಗಲಿಯಲ್ಲೇ ಇಡುತ್ತಿದ್ದರು. ಹುಡುಗರು, ಹುಡುಗಿಯರು ಎಲ್ಲ ಅಲ್ಲೇ ಸಾಲಾಗಿ ನಿಲ್ಲಬೇಕು. ಒಬ್ಬರು ಬಗ್ಗಿ ಮುಳ್ಳು ನೋಡಿ ಕೂಗುತ್ತಾರೆ, ಆಚೆ ಮೇಜಿನ ಹತ್ತಿರ ಕೂತವರು ಬರೆದುಕೊಳ್ಳುತ್ತಾರೆ. ನಾವು ಕೆಲವರು ಬೆಳಿಗ್ಗೆ ತಿಂಡಿ ಬಿಟ್ಟು ಬಂದು, ಆ ಮಳೆಗಾಲದ ಚಳಿಯಲ್ಲಿ ಸ್ವೆಟರ್ ಬಿಚ್ಚಿ ಗೆಳತಿಯ ಕೈಗೆ ಕೊಟ್ಟು, ನಡುಗುತ್ತಾ ಯಂತ್ರ ಹತ್ತುತ್ತಿದ್ದೆವು. ಅರ್ಧ ಕೆಜಿಯಾದರೂ ಕಡಿಮೆ ಬರಲಿ ಅಂತ. ನನ್ನ ಸರದಿಯಲ್ಲಿ "ಅರವತ್ತೆಂಟು" ಅಂದಾಗ ಹಿಂದಿನಿಂದ ಯಾರೋ ಅದನ್ನೇ ಮತ್ತೆ ಕೂಗಿದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನನ್ನು ಹಾಗೇ ಕರೆದರು. ತೀರಾ ತೆಳ್ಳಗಿದ್ದ ಹುಡುಗನೊಬ್ಬನಿಗೆ ಅದೇ ದಿನ "ಕಡ್ಡಿ ಪೈಲ್ವಾನ್" ಅಂತ ಹೆಸರು ಬಿತ್ತು. ಮುಂದಿನ ವರ್ಷ ತಪಾಸಣೆಯ ದಿನ ಹೊಟ್ಟೆನೋವು ಎಂದು ಹೇಳಿ ನಾನು ಮನೆಯಲ್ಲೇ ಉಳಿದೆ.

ನಾನು ಹೇಳಬೇಕಾದ ಮಾತು ಇದೇ ಸಾರ್. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಆಗುತ್ತದೆ. ನಮ್ಮ ತಾಲ್ಲೂಕಿನ ನಗರ, ನಿಟ್ಟೂರು ಎಂಬ ಊರುಗಳ ಕಡೆಯ ಹಳ್ಳಿಗಳಿಗೆ ವೈದ್ಯರೇ ಶಾಲೆಗೆ ಬರುವುದೆಂದರೆ ಸಣ್ಣ ವಿಷಯವಲ್ಲ. ಆದರೆ ಥೈರಾಯ್ಡ್ ತೊಂದರೆಯೋ, ಮುಟ್ಟು ಏರುಪೇರಾಗುವ ಪಿಸಿಓಡಿ ಎಂಬ ಹಾರ್ಮೋನು ತೊಂದರೆಯೋ ಇದೆಯಾ ಎಂದು ವೈದ್ಯರು ನೋಡಲೇಬೇಕಾದ ಹುಡುಗಿಯೇ ನಾಚಿಕೆಯಿಂದ ಆ ದಿನ ತಪ್ಪಿಸಿಕೊಂಡರೆ, ಅಷ್ಟು ದೂರ ಬಂದವರ ಶ್ರಮ ಯಾರಿಗೆ ಸಿಕ್ಕಿತು?

"ತಿನ್ನೋದು ಕಡಿಮೆ ಮಾಡು ಮಾರಾಯ್ತಿ" ಎಂಬ ಬುದ್ಧಿಮಾತು ನಮಗೆ ಮದುವೆ ಮನೆಯಲ್ಲೂ ಬಸ್ಸಿನಲ್ಲೂ ಪುಕ್ಕಟೆ ಸಿಗುತ್ತದೆ. ದೇಹದ ತೂಕಕ್ಕೆ ವಂಶ, ನಿದ್ದೆ, ಹಾರ್ಮೋನು, ಕೆಲವು ಔಷಧಿ ಎಲ್ಲವೂ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತರಲ್ಲಿ ಸುಮಾರು ಮೂವರ ತೂಕ ಹೆಚ್ಚಿದೆ. ಅವರೆಲ್ಲರೂ ಸೋಮಾರಿಗಳೇ? ತೂಕದ ಹೆಸರಿನಲ್ಲಿ ಹೀಯಾಳಿಸುವುದರಿಂದ ದೇಹಕ್ಕೂ ಮನಸ್ಸಿಗೂ ಹಾನಿ ಎಂದು 2020ರಲ್ಲಿ ಹಲವು ದೇಶಗಳ ತಜ್ಞರು ಒಟ್ಟಾಗಿ ಹೇಳಿದ್ದಾರೆ. ನಾಚಿಕೆಪಟ್ಟವರು ಕದ್ದು ತಿನ್ನುತ್ತಾರೆ, ಆಟ ಬಿಡುತ್ತಾರೆ. ನನಗೆ ಖೋ-ಖೋ ಪ್ರಾಣವಾಗಿತ್ತು, ಎಲ್ಲರೆದುರು ಓಡಲು ಆಗದೆ ಬಿಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನಗಳು ಹೇಗೂ ಕೆಸರುಗದ್ದೆ. ನೆಲ ಒಣಗಿದ ಮೇಲೂ ಪಿಟಿ ಪೀರಿಯಡ್‌ನಲ್ಲಿ ದಪ್ಪಗಿರುವವರಿಗೆ ಅಂಕ ಬರೆಯುವ ಕೆಲಸವೇ.

ಇನ್ನೊಂದು ಮಾತು. ದೊಡ್ಡವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಲೆಕ್ಕ, ಬೆಳೆಯುವ ಮಕ್ಕಳಿಗೆ ಹೊಂದುವುದಿಲ್ಲ, ವಯಸ್ಸು ಮತ್ತು ಗಂಡೋ ಹೆಣ್ಣೋ ನೋಡಿ ಬೇರೆ ಪಟ್ಟಿಯಲ್ಲಿ ಅಳೆಯಬೇಕು. ಮೊಬೈಲಿನಲ್ಲಿ ಲೆಕ್ಕ ಹಾಕಿ ತರಗತಿಯಲ್ಲೇ "ನಿನಗೆ ಬೊಜ್ಜು" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಇದಕ್ಕೆ ಹೊಸ ಅನುದಾನ ಬೇಡ. ಯಂತ್ರವನ್ನು ಒಂದು ಕೋಣೆಯೊಳಗೆ ಇಡಿಸಿ, ಒಬ್ಬೊಬ್ಬರನ್ನೇ ಕರೆಯಲಿ. ಸಂಖ್ಯೆಯನ್ನು ಕೂಗದೆ ಬರೆದುಕೊಳ್ಳಲಿ. ಹೆಚ್ಚೋ ಕಡಿಮೆಯೋ ಇದ್ದರೆ ಮನೆಯವರಿಗೆ ಮಾತ್ರ ತಿಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್‌ಗೆ ಕಳುಹಿಸಲಿ. ಅಲ್ಲಿ ಮೊದಲು ಬೈಯದೆ ಕೇಳಿಸಿಕೊಳ್ಳುವವರು ಇರಲಿ. ಪಿಟಿಯಲ್ಲಿ ಯಾರನ್ನೂ ಬದಿಗೆ ಕೂರಿಸಬಾರದು ಎಂದು ಬರೆದುಕೊಡಿ.

ತಪಾಸಣೆಯ ತಂಡಗಳು ಶಾಲೆಗಳಿಗೆ ಹೊರಡುವ ಮೊದಲೇ ಇದನ್ನೆಲ್ಲ ತಿಳಿಸುವ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಅದರ ಪ್ರತಿಯನ್ನು ಪ್ರತಿ ಶಾಲೆಯ ಸೂಚನಾ ಫಲಕಕ್ಕೂ ಹಾಕಿಸಿ, ಯಾರಾದರೂ ಮತ್ತೆ ಕೂಗಿದರೆ ಮಕ್ಕಳು ಅದನ್ನು ತೋರಿಸಿ ಕೇಳಬಹುದು.

ಇಂತಿ ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ