ಸಾಕ್ಷಿಯ ಮುಖ ನೋಡಿದವರೇ ತೀರ್ಪು ಬರೆಯಲಿ

ಮಾನ್ಯ ಸಂಪಾದಕರೆ,

ಅಮೆರಿಕದ ಫೆಡರಲ್ ಕೋರ್ಟುಗಳ ಸುದ್ದಿ ಈಗ ನಮ್ಮ ಕನ್ನಡ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. ಬಂದಾಗಲೆಲ್ಲ ನ್ಯಾಯಾಧೀಶರ ಹೆಸರಿನ ಪಕ್ಕ 'ಇಂಥ ಅಧ್ಯಕ್ಷರು ನೇಮಿಸಿದವರು' ಎಂಬ ಬಾಲ ಇದ್ದೇ ಇರುತ್ತದೆ. ಓದುವವರೂ ಆ ಬಾಲವನ್ನೇ ಹಿಡಿದು ಜಗ್ಗುತ್ತಾರೆ. ಈ ಉತ್ತರ ಕನ್ನಡ ಜಿಲ್ಲೆಯ ಕೋರ್ಟುಗಳಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತಳಾದ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ: ಅಲ್ಲಿ ಒಬ್ಬರೇ ನ್ಯಾಯಾಧೀಶರು ಒಂದೇ ಊರಿನಲ್ಲಿ ಕೂತು ಕೇಸನ್ನು ಕೊನೆ ಮುಟ್ಟಿಸುವುದು, ಇಲ್ಲಿ ವರ್ಗಾವಣೆ ಅದನ್ನು ನಡುವೆ ಕಡಿಯುವುದು.

2025ರ ಜನವರಿ 20ರಂದು ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ತಂದೆ ತಾಯಿ ಇಬ್ಬರೂ ಅಲ್ಲಿನ ಪ್ರಜೆಗಳಲ್ಲದೆ, ಗ್ರೀನ್ ಕಾರ್ಡ್ ಕೂಡ ಇಲ್ಲದಿದ್ದರೆ, 30 ದಿನ ಕಳೆದ ಮೇಲೆ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಎಂದು. ನನ್ನ ಅಕ್ಕನ ಮಗ ಅಲ್ಲಿ ಎಚ್‌1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದ ಮೇಲಿದ್ದಾನೆ. ಸೊಸೆಗೆ ಮಾರ್ಚಿನಲ್ಲಿ ದಿನ ತುಂಬುವುದಿತ್ತು. ಅಕ್ಕ ಕುಮಟೆಯಿಂದ ಫೋನ್ ಮಾಡಿ, "ನೀ ಕೋರ್ಟಲ್ಲಿ ಇದ್ದವಳಲ್ವೇನೆ, ಇದಕ್ಕೆ ಸ್ಟೇ ಕೊಡೋರು ಯಾರೂ ಇಲ್ವಾ?" ಎಂದು ಗಂಟಲು ಕಟ್ಟಿಕೊಂಡು ಕೇಳಿದಳು. ಮೂರನೆಯ ದಿನ, ಜನವರಿ 23ಕ್ಕೆ, ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಫೆನೌರ್ ಸ್ಟೇ ಕೊಟ್ಟರು, ಮೊದಲಿಗೆ 14 ದಿನಕ್ಕೆ. ಮುಂದೆ ಆ ಪ್ರಶ್ನೆ ಮೇಲಿನ ಕೋರ್ಟುಗಳಿಗೆ ಹೋಯಿತು, ಜಿಲ್ಲೆಯ ನ್ಯಾಯಾಧೀಶರು ಇಡೀ ದೇಶಕ್ಕೆ ತಡೆ ಕೊಡುವ ಅಧಿಕಾರವನ್ನೇ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮೊಟಕು ಮಾಡಿತು. ಅದು ಇಲ್ಲಿ ನನ್ನ ವಿಷಯವಲ್ಲ.

ಯಾರೀ ಮನುಷ್ಯ ಎಂದು ಕುತೂಹಲದಿಂದ ನೋಡಿದೆ. 1941ರಲ್ಲಿ ಕಾನ್ಸಾಸ್‌ನಲ್ಲಿ ಹುಟ್ಟಿದವರು. 1966ರಲ್ಲಿ ಕಾನೂನು ಪದವಿ, ಆಮೇಲೆ ಸಿಯಾಟಲ್‌ನಲ್ಲಿ 15 ವರ್ಷ ವಕೀಲಿಕೆ. 1981ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ ಹೆಸರು ಸೂಚಿಸಿದರು, ಅದೇ ತಿಂಗಳು ಸೆನೆಟ್ ಒಪ್ಪಿತು. ರೇಗನ್ ಟ್ರಂಪ್ ಅವರ ಪಕ್ಷದವರೇ ಎಂಬುದನ್ನು ಬಾಲ ಜಗ್ಗುವವರು ಗಮನಿಸಬೇಕು. ಅಂದು ವಕೀಲಿಕೆ ಮಾಡಿದ ಊರಿನಲ್ಲೇ ಪೀಠಕ್ಕೆ ಕೂತವರು 83ನೆಯ ವಯಸ್ಸಿನಲ್ಲೂ ಅಲ್ಲೇ ಕೂತಿದ್ದರು. 65 ದಾಟಿ ಸಾಕಷ್ಟು ವರ್ಷ ಸೇವೆಯಾದವರು ಪೂರ್ತಿ ಸಂಬಳದಲ್ಲೇ ಕೆಲಸ ಕಡಿಮೆ ಮಾಡಿಕೊಂಡು ಮುಂದುವರಿಯಬಹುದು, ಅದಕ್ಕೆ 'ಸೀನಿಯರ್ ಸ್ಟೇಟಸ್' ಎನ್ನುತ್ತಾರೆ. ಇವರು 2006ರಿಂದ ಹಾಗಿದ್ದಾರೆ. ಕಾನ್ಸಾಸ್‌ನಲ್ಲೇ ವೆಸ್ಲಿ ಬ್ರೌನ್ ಎಂಬವರು ಇದ್ದರು. 1962ರಲ್ಲಿ ಕೆನಡಿ ನೇಮಿಸಿದ್ದು, 2012ರಲ್ಲಿ 104ನೆಯ ವಯಸ್ಸಿನಲ್ಲಿ ತೀರಿಕೊಳ್ಳುವಾಗಲೂ ನ್ಯಾಯಾಧೀಶರೇ!

ಇನ್ನು ಕಾಫೆನೌರ್ ನಡೆಸಿದ ಒಂದು ಕೇಸು ನೋಡಿ. 1999ರ ಡಿಸೆಂಬರಿನಲ್ಲಿ ಅಹ್ಮದ್ ರೆಸ್ಸಾಮ್ ಎಂಬವನು ಲಾಸ್ ಏಂಜಲೀಸ್ ವಿಮಾನ ನಿಲ್ದಾಣ ಸ್ಫೋಟಿಸಲು ಕಾರಿನಲ್ಲಿ ಸ್ಫೋಟಕ ಇಟ್ಟುಕೊಂಡು ಕೆನಡಾದಿಂದ ಫೆರ್ರಿಯಲ್ಲಿ ಬರುವಾಗ ಸಿಕ್ಕಿಬಿದ್ದ. 2001ರಲ್ಲಿ ಜ್ಯೂರಿ, ಅಂದರೆ ತೀರ್ಮಾನಕ್ಕೆ ಕೂರಿಸುವ ಸಾಮಾನ್ಯ ನಾಗರಿಕರ ತಂಡ, ತಪ್ಪಿತಸ್ಥನೆಂದಿತು. ಆಮೇಲೆ ಅವನು ತನಿಖೆಗೆ ಸಹಕರಿಸಿದ, ನಡುವೆ ನಿಲ್ಲಿಸಿದ. 2005ರಲ್ಲಿ ಕಾಫೆನೌರ್ 22 ವರ್ಷ ಶಿಕ್ಷೆ ಕೊಟ್ಟರು. ಮೇಲಿನ ಕೋರ್ಟ್ ಕೇಸನ್ನು ವಾಪಸು ಕಳಿಸಿತು, 2008ರಲ್ಲಿ ಮತ್ತೆ 22 ವರ್ಷವೇ. ಇದು ತೀರಾ ಕಡಿಮೆ ಎಂದು ಮೇಲಿನ ಕೋರ್ಟ್ 2012ರಲ್ಲಿ ಹೇಳಿತು, ಆಗ 37 ವರ್ಷಕ್ಕೆ ಏರಿಸಿದರು. ಯಾವ ಅಂಕೆ ಸರಿ ಎಂದು ತೂಗಲು ನಾನು ಯಾರೂ ಅಲ್ಲ. ಆದರೆ ಅಷ್ಟು ವರ್ಷವೂ ಕಟಕಟೆಯಲ್ಲಿ ನಿಂತವನನ್ನು ನೋಡಿದ ಕಣ್ಣು ಒಂದೇ. ನಮ್ಮ ಕೋರ್ಟುಗಳಲ್ಲಿ ಇಂಥ ಕೇಸು ಅಷ್ಟರಲ್ಲಿ ಎಷ್ಟು ನ್ಯಾಯಾಧೀಶ ಸಾಹೇಬರ ಮೇಜು ದಾಟಿರುತ್ತಿತ್ತು ಎಂದು ವಕೀಲರನ್ನು ಕೇಳಿ.

ಅಲ್ಲಿನ ನೇಮಕದ ರೀತಿ ನಮಗೆ ಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಸಂವಿಧಾನದಲ್ಲಿ ಅರ್ಹತೆಯೇ ಬರೆದಿಲ್ಲ, ವಕೀಲರಾಗಿರಬೇಕೆಂದೂ ಇಲ್ಲ. ಅಧ್ಯಕ್ಷರು ಹೆಸರಿಸುತ್ತಾರೆ, ಆ ರಾಜ್ಯದ ಸೆನೆಟರುಗಳು ನೀಲಿ ಚೀಟಿಯಲ್ಲಿ ಒಪ್ಪಿಗೆ ಬರೆದು ಕೊಡುತ್ತಾರೆ, ಆಮೇಲೆ ಸೆನೆಟಿನಲ್ಲಿ ಮತ. ಕಾರವಾರದ ಜಿಲ್ಲಾ ನ್ಯಾಯಾಧೀಶರು ಯಾರೆಂಬುದಕ್ಕೆ ನಮ್ಮ ಪುಢಾರಿಗಳು ಚೀಟಿ ಬರೆಯುವುದನ್ನು ಊಹಿಸಿಕೊಂಡರೆ ನನಗೆ ನಗು ಬರುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ. ನಮ್ಮಲ್ಲಿ 233ನೆಯ ವಿಧಿಯಂತೆ ಏಳು ವರ್ಷ ವಕೀಲಿಕೆ ಮಾಡಿದವರು ಪರೀಕ್ಷೆ ಬರೆದು, ಸಂದರ್ಶನ ದಾಟಿ, ಹೈಕೋರ್ಟ್ ಶಿಫಾರಸಿನ ಮೇಲೆ ರಾಜ್ಯಪಾಲರ ಆದೇಶ ಪಡೆಯುತ್ತಾರೆ. ಉಳಿದವರು ಕೆಳಗಿನಿಂದ ಬಡ್ತಿಯಲ್ಲಿ ಬರುತ್ತಾರೆ. ಇದೇ ಚೊಕ್ಕ.

ನಮ್ಮ ತೊಂದರೆ ನೇಮಕದ್ದಲ್ಲ, ವರ್ಗಾವಣೆಯದು. ಅದೂ ಹೊಸತಲ್ಲ. ಬ್ರಿಟಿಷರ ಕಾಲದ ಉನ್ನತ ಅಧಿಕಾರಿಗಳ ಪರೀಕ್ಷೆ ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇದೇ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದ ತಮ್ಮ ರವೀಂದ್ರರು ಇಲ್ಲಿ ನಾಟಕ ಬರೆದ ಕಥೆ ಎಲ್ಲರಿಗೂ ಗೊತ್ತು, ಬೀಚಿಗೇ ಅವರ ಹೆಸರಿದೆ. ಅಣ್ಣನ ಹೆಸರು ಯಾರ ಬಾಯಲ್ಲೂ ಇಲ್ಲ. ಅವರೂ ಬಾಂಬೆ ಪ್ರಾಂತ್ಯದ ಊರೂರು ಸುತ್ತಿ 1897ರಲ್ಲಿ ಸತಾರಾದಲ್ಲಿ ನಿವೃತ್ತರಾದವರು. ಪರದೇಶದವರ ಆಡಳಿತಕ್ಕೆ ಅಧಿಕಾರಿ ಒಂದೇ ಊರಿನಲ್ಲಿ ಬೇರು ಬಿಡುವುದು ಬೇಡವಾಗಿತ್ತು. ಇವತ್ತಿಗೂ ಸಾಮಾನ್ಯವಾಗಿ ಮೂರು ವರ್ಷಕ್ಕೆ ಗಂಟುಮೂಟೆ. ಇದಕ್ಕೆ ಕಾರಣ ಇಲ್ಲವೆಂದಲ್ಲ. ಒಂದೇ ಊರಿನಲ್ಲಿ ಹತ್ತು ವರ್ಷ ಇದ್ದರೆ ಮದುವೆ, ಮುಂಜಿ, ಗೃಹಪ್ರವೇಶ ಎಂದು ಕರೆಯುವವರು ಹೆಚ್ಚುತ್ತಾರೆ, ಕರೆದವರ ಕೇಸು ನಾಳೆ ಬೋರ್ಡಿಗೆ ಬರುತ್ತದೆ. ವರ್ಗಾವಣೆ ಇರಲಿ. ವಿಚಾರಣೆ ನಡುವೆ ನಿಂತ 'ಪಾರ್ಟ್ ಹರ್ಡ್' ಕೇಸುಗಳ ಗತಿ ಏನು?

ನಾನೇ ಟೈಪ್ ಮಾಡಿದ ಒಂದು ಹಿಸ್ಸೆ ದಾವೆ ಹೇಳುತ್ತೇನೆ. ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ನಡುವೆ ಒಂದು ಮೃತ್ಯುಪತ್ರ. ಮೃತ್ಯುಪತ್ರಕ್ಕೆ ಸಾಕ್ಷಿ ಹಾಕಿದ್ದ ಮುದುಕರನ್ನು ಎದುರು ಪಕ್ಷದ ವಕೀಲರು, "ಸಹಿ ಹಾಕುವಾಗ ಬರೆಸಿದವರಿಗೆ ಎಚ್ಚರ ಇತ್ತೇ?" ಎಂದು ಕೇಳಿದರು. ಮುದುಕರು ಪಕ್ಕದಲ್ಲಿ ಕೂತಿದ್ದ ಪ್ರತಿವಾದಿಯ ಕಡೆ ನೋಡಿದರು. ಪಂಚೆಯ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಸಾಹೇಬರು ಪೆನ್ನು ಕೆಳಗಿಟ್ಟು ಅವರನ್ನೇ ನೋಡುತ್ತಿದ್ದರು. ಕೊನೆಗೆ "ಇತ್ತು" ಎಂದರು. ನಾನು ಟೈಪ್ ಮಾಡಿದ್ದು: 'ಎಚ್ಚರ ಇತ್ತು ಎಂದರೆ ಸರಿ.' ಬೇಸಿಗೆ ರಜೆಯ ಹೊತ್ತಿಗೆ ಸಾಹೇಬರಿಗೆ ವರ್ಗವಾಯಿತು. ವಾದ ಕೇಳಿ ತೀರ್ಪು ಬರೆದವರು ಹೊಸಬರು. ಅವರ ತೀರ್ಪಿನಲ್ಲಿ ನನ್ನ ಆ ಒಂದು ಸಾಲು ಇತ್ತು, ಅದರ ಮೇಲೆಯೇ ಮೃತ್ಯುಪತ್ರ ನಿಂತಿತು. ಹೊಸಬರದ್ದೇನೂ ತಪ್ಪಿಲ್ಲ, ಕಾಗದದಲ್ಲಿ ಇದ್ದದ್ದು ಅಷ್ಟೇ.

ಇದು ಕಾನೂನಿಗೆ ವಿರುದ್ಧವೂ ಅಲ್ಲ. ಹಿಂದಿನವರು ಪಡೆದ ಸಾಕ್ಷ್ಯದ ಮೇಲೆ ಹೊಸಬರು ಮುಂದುವರಿಯಬಹುದು ಎಂದು ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) ಆರ್ಡರ್ 18 ರೂಲ್ 15 ಹೇಳುತ್ತದೆ. ಆದರೆ ಅದೇ ಆರ್ಡರಿನ ರೂಲ್ 12 ಯಾರಿಗೂ ನೆನಪಾಗುವುದಿಲ್ಲ: ಸಾಕ್ಷಿ ನಡೆದುಕೊಂಡ ರೀತಿಯ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆದಿಡಬಹುದು. ನನ್ನ ಸೇವೆಯಲ್ಲಿ ಅಂಥ ಟಿಪ್ಪಣಿಯನ್ನು ಡಿಕ್ಟೇಷನ್ ತೆಗೆದುಕೊಂಡದ್ದು ಬಲು ಅಪರೂಪ. 2002ರ ತಿದ್ದುಪಡಿಯ ಮೇಲಂತೂ ಚೀಫ್, ಅಂದರೆ ಸಾಕ್ಷಿಯ ಮೊದಲ ಹೇಳಿಕೆ, ಅಫಿಡವಿಟ್ಟಿನಲ್ಲೇ ಬರುತ್ತದೆ, ಮನುಷ್ಯ ಬಾಯಿ ಬಿಡುವುದು ಎದುರು ವಕೀಲರ ಕ್ರಾಸಿನಲ್ಲಿ (ಪಾಟೀ ಸವಾಲಿನಲ್ಲಿ) ಮಾತ್ರ. ಅಮೆರಿಕದಲ್ಲಾದರೆ ಸಾಕ್ಷಿಯನ್ನು ನಂಬುವ ಬಿಡುವ ಹೊಣೆ ಹೊರಲು ಎಷ್ಟೋ ಕೇಸುಗಳಲ್ಲಿ ಜ್ಯೂರಿ ಇದೆ. ನಮ್ಮಲ್ಲಿ ಅದೂ ಒಬ್ಬರದೇ ತಲೆಯ ಮೇಲೆ. ಆ ಒಬ್ಬರೂ ಸಾಕ್ಷಿಯನ್ನು ಕಂಡಿರದಿದ್ದರೆ ಹೇಗೆ?

ನಾನು ಕೇಳುವುದು ಸಣ್ಣದು. ವರ್ಗಾವಣೆ ಪಟ್ಟಿ ಹೊರಟ ಮೇಲೆ, ಸಾಕ್ಷ್ಯ ಮುಗಿದಿರುವ ಕೇಸುಗಳ ವಾದ ಕೇಳಿ ತೀರ್ಪು ಬರೆದು ಹೊರಡಲು ಆ ಸಾಹೇಬರಿಗೆ ಕೆಲವು ವಾರ ಕೊಡಲಿ. ಬರೆದು ಓದದೆ ಹೋದರೂ ಅಡ್ಡಿಯಿಲ್ಲ, ಹಿಂದಿನವರು ಬರೆದಿಟ್ಟ ತೀರ್ಪನ್ನು ಹೊಸಬರು ಓದಿ ಹೇಳಬೇಕೆಂದು ಆರ್ಡರ್ 20 ರೂಲ್ 2ರಲ್ಲೇ ಇದೆ. ಮುಗಿಯದ ಕೇಸುಗಳಲ್ಲಿ ರೂಲ್ 12ರ ಟಿಪ್ಪಣಿ ಬರೆಯುವುದು ರೂಢಿಯಾಗಲಿ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಹೈಕೋರ್ಟಿನ ಒಂದು ಸುತ್ತೋಲೆ ಸಾಕು. ಕಾರವಾರ, ಶಿರಸಿ, ಕುಮಟಾ, ಹೊನ್ನಾವರ, ಭಟ್ಕಳದ ವಕೀಲರು ಕೂಡಿ ಮುಂದಿನ ಬೇಸಿಗೆ ರಜೆಗೆ ಮೊದಲು ಹೈಕೋರ್ಟಿಗೆ ಒಂದು ಮನವಿ ಕಳಿಸಲಿ. ಟೈಪ್ ಮಾಡಿಕೊಡಲು ಜನ ಸಿಗದಿದ್ದರೆ ನಾನಿದ್ದೇನೆ.

ಇಂತಿ,
ನಿವೃತ್ತ ಕೋರ್ಟ್ ಶೀಘ್ರಲಿಪಿಗಾರ್ತಿ, ಕಾರವಾರ